ಕೊನೆಯ ಸಾಲಿನಲ್ಲಿದ್ದ ಕಾಯಿಲೆ

"ಈ ಅಧ್ಯಯನವು ಮುಂದೆ ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳನ್ನು ಅರಿಯಲು ನೆರವಾಗಬಹುದು."

ಪಿಎಚ್‌ಡಿ ಮುಗಿಯುವ ಹೊತ್ತಿಗೆ ಈ ವಾಕ್ಯವನ್ನು ನಾನು ಹನ್ನೊಂದು ಕಡೆ ಬರೆದಿದ್ದೆ. ಎಣಿಸಿ ನೋಡಿದ್ದು ಎಷ್ಟೋ ಕಾಲದ ಮೇಲೆ. ಫೆಲೋಶಿಪ್ ಅರ್ಜಿ, ವಾರ್ಷಿಕ ವರದಿ, ಸಮ್ಮೇಳನದ ಪೋಸ್ಟರು, ಕೊನೆಗೆ ಪ್ರಬಂಧ, ಎಲ್ಲದರ ತುದಿಗೂ ಅದೇ ಸಾಲು. ಪತ್ರದ ಕೊನೆಗೆ 'ಇಂತಿ ನಿಮ್ಮ ವಿಶ್ವಾಸಿ' ಅಂತ ಬರೆಯುತ್ತೇವಲ್ಲ, ಹಾಗೆ. ಅಷ್ಟು ಸಲ ಬರೆದವಳು ಸ್ಕಿಜೋಫ್ರೇನಿಯಾ ಎಂಬ ಆ ಮನೋರೋಗ ಇರುವ ಒಬ್ಬರನ್ನೂ ಅಲ್ಲಿಯವರೆಗೆ ಕಂಡು ಮಾತಾಡಿಸಿರಲಿಲ್ಲ.

ನನ್ನ ಕೆಲಸ ನಡೆಯುತ್ತಿದ್ದುದು ಇಲಿಯ ಮಿದುಳಿನ ಚೂರುಗಳ ಮೇಲೆ. ಮಿದುಳನ್ನು ತೆಗೆದು, ಮಂಜಿನಂತೆ ತಣ್ಣಗಿರುವ ದ್ರವದಲ್ಲಿಟ್ಟು, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳ್ಳಗೆ ಹೆಚ್ಚಬೇಕು. ದ್ರವದಲ್ಲಿ ಆಮ್ಲಜನಕ ಗುಳುಗುಳು ಅನ್ನುತ್ತಿದ್ದರೆ ಚೂರು ಆರೇಳು ಗಂಟೆ ಬದುಕಿರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ನರಕೋಶವನ್ನು ಹುಡುಕಿ, ಒಂದೆರಡು ಮೈಕ್ರಾನ್ ಅಗಲದ ಬಾಯಿಯಿರುವ ಗಾಜಿನ ನಳಿಗೆಯನ್ನು ಅದರ ಮೈಗೆ ತಾಗಿಸಿ, ನಳಿಗೆಗೆ ಜೋಡಿಸಿದ ಕೊಳವೆಯ ತುದಿಯನ್ನು ತುಟಿಯಲ್ಲಿ ಹಿಡಿದು ಉಸಿರು ಎಳೆದೂ ಎಳೆಯದ ಹಾಗೆ ಎಳೆಯಬೇಕು. ಜೋರಾಗಿ ಎಳೆದರೆ ಕೋಶ ಹರಿದು ಸಾಯುತ್ತದೆ. ಹದವಾಗಿ ಎಳೆದರೆ ಗಾಜೂ ಕೋಶದ ಪೊರೆಯೂ ಒಂದಕ್ಕೊಂದು ಕಚ್ಚಿಕೊಂಡು, ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ತಟ್ಟನೆ ಸುಮ್ಮನಾಗುತ್ತದೆ. ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ತೋರಿಸಿಕೊಟ್ಟ, 1991ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಪ್ಯಾಚ್ ಕ್ಲ್ಯಾಂಪ್ ವಿಧಾನ ಇದು. ಮೊದಲ ಆರು ತಿಂಗಳು ನನಗೆ ಒಂದು ಕೋಶವೂ ಸರಿಯಾಗಿ ಕಚ್ಚಿಕೊಳ್ಳಲಿಲ್ಲ. ಆಮೇಲೆ ಕೈಗೆ ಅದೇನೋ ಹತ್ತಿಕೊಂಡಿತು. ರಾತ್ರಿ ಒಬ್ಬಳೇ ಕೂತು, ಪಿಕೋಆಂಪಿಯರುಗಳಲ್ಲಿ ಅಳೆಯುವ ಆ ಕರೆಂಟು ಏಳುವುದು ಬೀಳುವುದು ನೋಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ನಾನು ಅಳೆಯುತ್ತಿದ್ದುದು ಎನ್‌ಎಂಡಿಎ ಗ್ರಾಹಿಗಳೆಂಬ ಬಾಗಿಲುಗಳ ಮೂಲಕ ಹರಿಯುವ ಕರೆಂಟನ್ನು. ನರಕೋಶಗಳು ಕಲಿಯುವುದು, ನೆನಪಿಡುವುದು ಬಹುಮಟ್ಟಿಗೆ ಇವುಗಳಿಂದಲೇ.

ಪ್ರಬಂಧದ ಮೌಖಿಕ ಪರೀಕ್ಷೆಗೆ ಬಂದವರಲ್ಲಿ ಒಬ್ಬರು ಮನೋವೈದ್ಯರಿದ್ದರು. ಅಂಕಿಅಂಶದ ಬಗ್ಗೆ ಕೇಳಬಹುದು, ಔಷಧದ ಪ್ರಮಾಣದ ಬಗ್ಗೆ ಕೇಳಬಹುದು ಅಂತೆಲ್ಲ ತಯಾರಾಗಿದ್ದೆ. ಅವರು ಕೊನೆಯ ಪುಟ ತೆರೆದು ಆ ಕೊನೆಯ ಸಾಲನ್ನೇ ಗಟ್ಟಿಯಾಗಿ ಓದಿದರು. "ಅಲ್ಲಮ್ಮಾ, ನೀನು ಅಳೆದಿರೋ ಈ ಕರೆಂಟು ಒಬ್ಬ ಮನುಷ್ಯನಲ್ಲಿ ಕಮ್ಮಿಯಾದರೆ ಅವನಿಗೆ ಏನನ್ನಿಸತ್ತೆ?" ಐದು ನಿಮಿಷ ಮಾತಾಡಿದೆ. ಗ್ರಾಹಿಯ ರಚನೆ ಹೇಳಿದೆ, ಕ್ಯಾಲ್ಸಿಯಂ ಹೇಳಿದೆ, ಮ್ಯಾಗ್ನೀಸಿಯಂ ಹೇಳಿದೆ. ಅವರು ತಲೆದೂಗಿದರು. ಪದವಿಯೂ ಸಿಕ್ಕಿತು. ಹೊರಡುವಾಗ ಮಾತ್ರ, "ಪುರುಸೊತ್ತಿದ್ದಾಗ ನಮ್ಮ ಓಪಿಡಿಗೆ ಒಂದು ದಿನ ಬಂದು ಕೂತ್ಕೋ" ಅಂದರು.

ಆ ಪ್ರಶ್ನೆಗೆ ಉತ್ತರ ಇತ್ತು, ನಾನು ಓದಿರಲಿಲ್ಲ ಅಷ್ಟೇ. ಅದೇ ಈಗಲೂ ಚುಚ್ಚುವುದು. ಕೆಟಮಿನ್ ಎಂಬ ಅರಿವಳಿಕೆ ಔಷಧ ಮುಚ್ಚುವುದು ಇದೇ ಬಾಗಿಲನ್ನು. ಅರಿವಳಿಕೆಗೆ ಸಾಲದಷ್ಟು ಕಡಿಮೆ ಪ್ರಮಾಣದಲ್ಲಿ ಅದನ್ನು ಆರೋಗ್ಯವಂತರಿಗೆ ಕೊಟ್ಟರೆ ಸ್ವಲ್ಪ ಹೊತ್ತು ಅವರ ಯೋಚನೆ ಚದುರುತ್ತದೆ, ಸುತ್ತಲಿನದು ಬೇರೆಯಾಗಿ ತೋರುತ್ತದೆ, ಅನುಮಾನ ಮೂಡುತ್ತದೆ. 1990ರ ದಶಕದಲ್ಲೇ ಇದನ್ನು ಅಚ್ಚುಕಟ್ಟಾಗಿ ದಾಖಲಿಸಿದ್ದಾರೆ. ಇನ್ನೂ ನೇರವಾದ ಸಾಕ್ಷಿ 2007ರದ್ದು. ಜೋಸೆಪ್ ದಾಲ್ಮೌ ಮತ್ತು ಸಂಗಡಿಗರು ಹನ್ನೆರಡು ಮಹಿಳೆಯರ ಬಗ್ಗೆ ಬರೆದರು. ಇದ್ದಕ್ಕಿದ್ದಂತೆ ಭ್ರಮೆ, ಗಾಬರಿ, ಅಸಂಬದ್ಧ ಮಾತು, ಆಮೇಲೆ ಫಿಟ್ಸ್. ಅವರ ದೇಹವೇ ತನ್ನ ಎನ್‌ಎಂಡಿಎ ಗ್ರಾಹಿಗಳ ವಿರುದ್ಧ ಪ್ರತಿಕಾಯಗಳನ್ನು ಮಾಡುತ್ತಿತ್ತು. ಒಂದು ಬಗೆಯ ಗೆಡ್ಡೆ, ಹನ್ನೊಂದು ಮಂದಿಯಲ್ಲಿ ಅಂಡಾಶಯದಲ್ಲಿದ್ದದ್ದು, ಅದಕ್ಕೆ ಕಿಡಿ ಹೊತ್ತಿಸಿತ್ತು. ಗೆಡ್ಡೆ ತೆಗೆದು ಪ್ರತಿರಕ್ಷಣೆಯನ್ನು ತಗ್ಗಿಸಿದರೆ ಈ ಕಾಯಿಲೆಯವರಲ್ಲಿ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ನಾನು ನಾಲ್ಕು ವರ್ಷ ಚೂರುಗಳಲ್ಲಿ ಅಳೆದ ಕರೆಂಟು ಒಬ್ಬ ಹುಡುಗಿಯಲ್ಲಿ ಕಮ್ಮಿಯಾದರೆ ಅವಳು ಮನೋರೋಗ ವಿಭಾಗಕ್ಕೆ ದಾಖಲಾಗುತ್ತಾಳೆ. ಇಷ್ಟು ಹೇಳಿದ್ದರೆ ಸಾಕಿತ್ತು.

ಓಪಿಡಿಗೆ ಹೋಗಿ ಕೂತದ್ದು ಸೇವಾಭಾವದಿಂದಲ್ಲ, ಅವಮಾನದಿಂದ. ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಯ ಕೆಲಸ, ಹುಡುಕುತ್ತಿದ್ದೆ ಎಂಬುದೂ ನಿಜ.

ಒಂದು ದಿನ ಅಂತ ಹೋದದ್ದು ವಾರಕ್ಕೊಂದು ಬೆಳಗಿನಂತೆ ಎಂಟು ತಿಂಗಳು ನಡೆಯಿತು. ಮೂಲೆಯ ಕುರ್ಚಿ, ಕೈಯಲ್ಲಿ ನೋಟುಪುಸ್ತಕ. ಒಳಗೆ ಬಂದ ಪ್ರತಿಯೊಬ್ಬರಿಗೂ ವೈದ್ಯರು ನನ್ನನ್ನು ಪರಿಚಯಿಸಿ, "ಇವರು ಕೂತಿರಬಹುದಾ?" ಅಂತ ಕೇಳುತ್ತಿದ್ದರು. ಬೇಡ ಅಂದರೆ ಎದ್ದು ಹೊರಗೆ. (ಇಲ್ಲಿ ಬರುವ ಯಾರನ್ನೂ ಗುರುತಿಸಲು ಆಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ಪುಸ್ತಕ ಓದಿದವಳಾಗಿ ನಾನು ಕಾದಿದ್ದುದು ಕಿವಿಯಲ್ಲಿ ಕೇಳುವ ಧ್ವನಿಗಳ ಬಗ್ಗೆ, ಯಾರೋ ಬೆನ್ನು ಹತ್ತಿದ್ದಾರೆ ಎಂಬ ಸಂಶಯದ ಬಗ್ಗೆ. ಬಂದ ಮಾತುಗಳು ಬೇರೆ. ಮೊದಲು ಪಾಠ ಹೇಳುತ್ತಿದ್ದ ಒಬ್ಬರು, "ಧ್ವನಿ ನಿಂತೋಯ್ತು ಡಾಕ್ಟ್ರೇ. ಆದ್ರೆ ಪುಟದ ಕೆಳಗೆ ಬರೋ ಹೊತ್ತಿಗೆ ಮೇಲಿಂದು ಮರ್ತುಹೋಗಿರತ್ತೆ" ಅಂದರು. ಒಬ್ಬ ತಂದೆ ಮಗನನ್ನು ಹೊರಗೆ ಕೂರಿಸಿ ಬಂದು ಹೇಳಿದ್ದು: "ಜಗಳ ಆಡೋದು ಬಿಟ್ಟ. ಏನೂ ಆಡೋದನ್ನೇ ಬಿಟ್ಟ."

ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕ ಹೆಚ್ಚಾಗುವುದೇ ಕಾಯಿಲೆಯ ಮೂಲ ಎಂಬ, ನನಗೆ ಗೊತ್ತಿದ್ದ ಕಥೆಗೆ ಇವೆರಡೂ ಸೇರುತ್ತಿರಲಿಲ್ಲ. ಇಂದಿನ ಬಹುತೇಕ ಮಾತ್ರೆಗಳು ಡೋಪಮೈನಿನ ಡಿ2 ಗ್ರಾಹಿಯನ್ನು ತಡೆಯುತ್ತವೆ. ಧ್ವನಿ, ಸಂಶಯ ತಗ್ಗುತ್ತವೆ. ಓದಿನ ಏಕಾಗ್ರತೆ, ಎದ್ದು ಏನಾದರೂ ಮಾಡಬೇಕೆಂಬ ಮನಸ್ಸು, ಇವಕ್ಕೆ ಅವುಗಳಿಂದ ಆಗುವ ಉಪಕಾರ ತೀರಾ ಕಡಿಮೆ. ಯಾಕೆ ಹೀಗೆ ಎಂದು ಹಿಂದಕ್ಕೆ ಹೋಗಿ ಓದಿದಾಗ ಸಿಕ್ಕ ಇತಿಹಾಸ ನನ್ನನ್ನು ಅಲ್ಲಾಡಿಸಿತು. ಲಿಥಿಯಂ ಉನ್ಮಾದಕ್ಕೆ ಕೆಲಸ ಮಾಡುತ್ತದೆಂದು 1949ರಲ್ಲಿ ಬರೆದ ಜಾನ್ ಕೇಡ್ ಮೊದಲು ಅದನ್ನು ಚುಚ್ಚಿದ್ದು ಗಿನಿಹಂದಿಗಳಿಗೆ, ಹುಡುಕುತ್ತಿದ್ದುದು ಇನ್ನೇನನ್ನೋ. ಈ ಮಾತ್ರೆಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜೀನಿನ ಗುಣ ಮೊದಲು ಕಣ್ಣಿಗೆ ಬಿದ್ದದ್ದು ಶಸ್ತ್ರಚಿಕಿತ್ಸಕ ಆನ್ರಿ ಲಾಬೋರಿಗೆ. ಮನೋರೋಗಿಗಳಿಗೆ ಕೊಟ್ಟು ನೋಡಿದ್ದು 1952ರಲ್ಲಿ. ಖಿನ್ನತೆಯ ಮೊದಲ ಔಷಧಗಳಲ್ಲೊಂದಾದ ಇಪ್ರೊನಯಜಿಡ್ ಕ್ಷಯಕ್ಕೆಂದು ಬಂದದ್ದು. ಕ್ಲೋರ್‌ಪ್ರೊಮಜೀನಿನಂಥ ಔಷಧಗಳು ಡೋಪಮೈನನ್ನು ತಡೆಯುತ್ತವೆ ಎಂದು ಗಟ್ಟಿಯಾಗಿ ತಿಳಿದದ್ದೇ 1970ರ ದಶಕದಲ್ಲಿ. ಬೀಗ ನೋಡಿ ಕೀಲಿ ಮಾಡಿದ್ದಲ್ಲ, ದಾರಿಯಲ್ಲಿ ಸಿಕ್ಕ ಕೀಲಿ ನೋಡಿ ಬೀಗದ ಚಿತ್ರ ಬರೆದದ್ದು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಡಿ2ವನ್ನು ತಡೆಯದೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಹೊಸ ಔಷಧದೊಳಗಿನ ಕ್ಸಾನೊಮೆಲಿನ್ ಕೂಡ ಮೊದಲು ಪರೀಕ್ಷೆಗೆ ಬಂದದ್ದು ಆಲ್‌ಝೈಮರ್ಸ್‌ಗೆ.

ಇಷ್ಟೆಲ್ಲ ಕಂಡ ಮೇಲೆ ನಾನು ಹೋಗಿ ಸೇರಿದ್ದು ಮತ್ತೆ ಇಲಿಗಳ ಲ್ಯಾಬಿಗೇ. ಗೊತ್ತಿದ್ದ ವಿದ್ಯೆ ಅದೊಂದೇ. ಆದರೆ ಈ ಸಲದ ಇಲಿಗಳು ಬೇರೆ. ಮನುಷ್ಯರಲ್ಲಿ 22ನೇ ವರ್ಣತಂತುವಿನ ಒಂದು ಸಣ್ಣ ತುಣುಕು ಹುಟ್ಟಿನಿಂದಲೇ ಕಾಣೆಯಾಗಿರುವ ಸ್ಥಿತಿಯಿದೆ. ಅಂಥವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮುಂದೆ ಸ್ಕಿಜೋಫ್ರೇನಿಯಾದ ಬಗೆಯ ಕಾಯಿಲೆ ಬರುತ್ತದೆ. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಒಬ್ಬರ ಆಸುಪಾಸು. ಇಲಿಯ 16ನೇ ವರ್ಣತಂತುವಿನಲ್ಲಿ ಅದೇ ತುಣುಕನ್ನು ತೆಗೆದ ತಳಿಗಳಿವೆ. ಊಹೆಯ ಮೇಲೆ ಆರಿಸಿದ ಜೀನ್ ಅಲ್ಲ ಎಂಬುದೇ ನನಗೆ ದೊಡ್ಡ ನೆಮ್ಮದಿ. ಯಾಕೆಂದರೆ ನನ್ನ ಸ್ನಾತಕೋತ್ತರ ಪ್ರಬಂಧ ಖಿನ್ನತೆಯ ಅಂಥ ಒಂದು 'ಊಹೆಯ ಜೀನ್' ಮೇಲಿತ್ತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟುಕೊಂಡು ಅಂಥ ಹದಿನೆಂಟು ಜೀನ್‌ಗಳನ್ನು ಪರೀಕ್ಷಿಸಿದಾಗ ಒಂದೂ ನಿಲ್ಲಲಿಲ್ಲ. ನನ್ನದೂ ಆ ಪಟ್ಟಿಯಲ್ಲಿತ್ತು. ಸ್ಕಿಜೋಫ್ರೇನಿಯಾದಲ್ಲಿ ಈಗಿರುವ ಚಿತ್ರ ಬೇರೆಯೇ: 2022ರ ದೊಡ್ಡ ಅಧ್ಯಯನ ಜೀನೋಮಿನಲ್ಲಿ 287 ತಾಣಗಳನ್ನು ಗುರುತಿಸಿತು, ಒಂದೊಂದರ ಪಾಲೂ ಚೂರುಪಾರು.

ಎರಡು ವರ್ಷ ಆ ಇಲಿಗಳ ಜೊತೆ ಕಳೆದೆ. ಅದರ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಇಲಿಗೆ ಧ್ವನಿ ಕೇಳಿಸುತ್ತಿದೆಯೇ ಅಂತ ಯಾರನ್ನು ಕೇಳುವುದು? ಹಾಗಾಗಿ ಕೇಳಬಹುದಾದದ್ದನ್ನು ಕೇಳುತ್ತೇವೆ: ಜೋರು ಸದ್ದಿಗೆ ಎಷ್ಟು ಬೆಚ್ಚುತ್ತದೆ, ಕವಲುದಾರಿಯಲ್ಲಿ ಎತ್ತ ತಿರುಗಬೇಕೆಂದು ನೆನಪಿಡುತ್ತದೆಯೇ. ಪಕ್ಕದ ಮೇಜಿನವರು ಖಿನ್ನತೆಗೆಂದು ಇಲಿಗಳನ್ನು ನೀರಿಗೆ ಬಿಟ್ಟು, ಎಷ್ಟು ಹೊತ್ತಿಗೆ ಈಜು ನಿಲ್ಲಿಸುತ್ತವೆ ಅಂತ ಗಡಿಯಾರ ಹಿಡಿದು ಕೂರುತ್ತಿದ್ದರು. ಹಳೆಯ ಖಿನ್ನತೆ ಮಾತ್ರೆ ಕೊಟ್ಟರೆ ಹೆಚ್ಚು ಹೊತ್ತು ಈಜುತ್ತವೆ, ಆದ್ದರಿಂದ ಪರೀಕ್ಷೆ ಸರಿ. ಪರೀಕ್ಷೆ ಸರಿಯಿದೆ, ಆದ್ದರಿಂದ ಅದರಲ್ಲಿ ಗೆದ್ದ ಹೊಸ ಮಾತ್ರೆಯೂ ಸರಿ. ಹೀಗೆ ಸುತ್ತಿದರೆ ಹಳೆಯ ಮಾತ್ರೆಯ ತಮ್ಮಂದಿರಷ್ಟೇ ಸಿಕ್ಕುವುದು. ಲ್ಯಾಬ್ ಮೀಟಿಂಗಿನಲ್ಲಿ ಇದನ್ನು ಹೇಳಿ ಕೆಲವರ ಮುನಿಸಿಗೂ ಗುರಿಯಾದೆ. ಹೇಳಿದ ಧಾಟಿ ಸರಿಯಿರಲಿಲ್ಲ, ಒಪ್ಪುತ್ತೇನೆ. ಹೇಳಿದ್ದು ಈಗಲೂ ಸರಿ ಎಂದೇ ನನ್ನ ನಂಬಿಕೆ.

ನನಗೆ ಬೇಕಿದ್ದುದು ಇಲಿಯಲ್ಲೂ ಮನುಷ್ಯರಲ್ಲೂ ಒಂದೇ ರೀತಿ ಅಳೆಯಬಹುದಾದ ಏನಾದರೂ ಸಣ್ಣದು. ಸಿಕ್ಕಿದ್ದು ಒಂದು ಬೀಪ್. ಒಂದೇ ಥರದ ಬೀಪ್ ಮತ್ತೆ ಮತ್ತೆ ಕೇಳಿಸುತ್ತಾ, ನಡುನಡುವೆ ಅಪರೂಪಕ್ಕೊಂದು ಕೊಂಚ ಉದ್ದನೆಯ ಬೀಪ್ ಹಾಕಿದರೆ, ಕೇಳುವವರ ಗಮನ ಬೇರೆಲ್ಲೋ ಇದ್ದರೂ ಅವರ ಮಿದುಳು ಸೆಕೆಂಡಿನ ಹತ್ತನೇ ಎರಡು ಭಾಗದೊಳಗೆ 'ಇದು ಬೇರೆ' ಅಂತ ಗುರುತಿಸುತ್ತದೆ. ನೆತ್ತಿಯ ಮೇಲಿಟ್ಟ ಎಲೆಕ್ಟ್ರೋಡಿನಲ್ಲಿ ಕೆಲವೇ ಮೈಕ್ರೊವೋಲ್ಟುಗಳ ಒಂದು ತಗ್ಗು ಕಾಣಿಸುತ್ತದೆ. ಫಿನ್‌ಲ್ಯಾಂಡಿನ ರಿಸ್ಟೊ ನಾಟಾನೆನ್ ಮತ್ತು ಜೊತೆಗಾರರು 1978ರಲ್ಲಿ ವಿವರಿಸಿದ ಇದರ ಹೆಸರು ಮಿಸ್‌ಮ್ಯಾಚ್ ನೆಗೆಟಿವಿಟಿ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗು ಸರಾಸರಿಯಲ್ಲಿ ಚಿಕ್ಕದು. ಆರೋಗ್ಯವಂತರಿಗೆ ಕೆಟಮಿನ್ ಕೊಟ್ಟರೂ ಚಿಕ್ಕದಾಗುತ್ತದೆ. ಅಂದರೆ ತಿರುಗಿ ತಿರುಗಿ ನಾನು ನನ್ನ ಹಳೆಯ ಬಾಗಿಲಿಗೇ ಬಂದು ನಿಂತಿದ್ದೆ. ಇಲಿಯಲ್ಲಿ ಕಾಣುವುದೂ ಅದೇನಾ ಎಂಬ ಜಗಳ ಇನ್ನೂ ಮುಗಿದಿಲ್ಲ. ಇರಲಿ, ಜಗಳವಾಡಲು ಒಂದು ಗಟ್ಟಿ ವಸ್ತುವಾದರೂ ಸಿಕ್ಕಿತಲ್ಲ.

ಮನುಷ್ಯರ ಜೊತೆ ಕೆಲಸ ಮಾಡಲು ನಾನು ಮತ್ತೆ ಒಂದನೇ ತರಗತಿಗೆ ಸೇರಿದಂತಾಯಿತು. ರೋಗದ ತೀವ್ರತೆ ಅಳೆಯಲು ಮೂವತ್ತು ಅಂಶಗಳ ಒಂದು ಪಟ್ಟಿಯಿದೆ. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ನಾನೂ ಒಬ್ಬ ಹಿರಿಯ ವೈದ್ಯೆಯೂ ಒಂದೇ ಸಂದರ್ಶನದಲ್ಲಿ ಕೂತು ಬೇರೆ ಬೇರೆಯಾಗಿ ಅಂಕ ಹಾಕುತ್ತಿದ್ದೆವು. 'ಭಾವ ಮಂಕಾಗಿರುವುದು' ಎಂಬಲ್ಲಿ ನಾನು ಐದು ಕೊಟ್ಟೆ, ಅವರು ಮೂರು. "ಅವರು ನಿಮ್ಮನ್ನು ಇವತ್ತೇ ಮೊದಲು ನೋಡಿದ್ದು. ಗುರುತಿಲ್ಲದವರ ಮುಂದೆ ನೀವು ನಗ್ತೀರಾ? ಕೈ ನೋಡಿದ್ರಾ, ನಡೆಯುವಾಗ ಬೀಸ್ತಿರಲಿಲ್ಲ. ಮುಖ ಬಿಗಿದಿರೋದು ಮಾತ್ರೆಯಿಂದಲೂ ಇರಬಹುದು" ಅಂದರು. ಡೋಪಮೈನನ್ನು ತಡೆದರೆ ಪಾರ್ಕಿನ್ಸನ್‌ನಂಥ ಬಿಗಿತ ಬರಬಹುದೆಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು. ಎದುರಿಗೆ ಕೂತಾಗ ಕಾಣಲಿಲ್ಲ. ಧೂಮಪಾನವೂ ಹಾಗೆಯೇ ನನ್ನ ಲೆಕ್ಕ ತಪ್ಪಿಸಿತು. ಬರುವವರಲ್ಲಿ ಸೇದುವವರು ಬಹಳ. ನಿಕೋಟಿನ್ ಇಇಜಿಯನ್ನು, ಅಂದರೆ ನೆತ್ತಿಯಿಂದ ಹಿಡಿಯುವ ಮಿದುಳಿನ ವಿದ್ಯುತ್ ಗೆರೆಗಳನ್ನು, ಬದಲಿಸುತ್ತದೆ. ಹೊಗೆ ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳು ದೇಹದಿಂದ ಬೇಗ ಕರಗಿಹೋಗುವಂತೆ ಮಾಡುತ್ತದೆ. ಇಲಿಗಳಿದ್ದಾಗ ಇಂಥ ತಾಪತ್ರಯ ಇರಲಿಲ್ಲ.

ಬೀಪ್ ಅಧ್ಯಯನದ ನನ್ನ ನಾಲ್ಕನೆಯ ಭಾಗಿ ನನ್ನದೇ ವಯಸ್ಸಿನವರು. ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದರು. ಅರವತ್ತನಾಲ್ಕು ಎಲೆಕ್ಟ್ರೋಡಿನ ಟೋಪಿ ಕೈಗೆತ್ತಿಕೊಂಡಾಗ ಕುರ್ಚಿಯಿಂದ ಅರ್ಧ ಎದ್ದರು. "ಮೇಡಂ, ಇದ್ರಲ್ಲಿ ನನ್ನ ಯೋಚನೆ ಓದ್ತೀರಾ?"

ನನ್ನ ಯೋಚನೆಗಳು ಹೊರಗಿನವರಿಗೆ ಕೇಳಿಸುತ್ತಿವೆ ಎಂಬ ನಂಬಿಕೆಯೇ ಕಾಯಿಲೆಯ ಲಕ್ಷಣವಾಗಿರುವವರ ತಲೆಗೆ ತಂತಿಗಳ ಟೋಪಿ ಹಾಕಲು ಹೊರಟಿದ್ದೆ. ಸಿದ್ಧತೆಯ ಯಾವ ಸಭೆಯಲ್ಲೂ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಮುಜುಗರವೆಂದರೆ ಪ್ರಶ್ನೆ ಅಷ್ಟೇನೂ ಅಸಂಬದ್ಧವಲ್ಲ. 1924ರಲ್ಲಿ ಮೊದಲ ಬಾರಿಗೆ ಮನುಷ್ಯರ ಇಇಜಿ ಹಿಡಿದ ಹಾನ್ಸ್ ಬರ್ಗರ್ ಸ್ವತಃ ಮನೋವೈದ್ಯ, ಮತ್ತು ಒಬ್ಬರ ಮನಸ್ಸಿನದು ಇನ್ನೊಬ್ಬರಿಗೆ ದಾಟುತ್ತದೆಂದು ನಂಬಿದ್ದವರು; ಆ ನಂಬಿಕೆಯ ಬೆನ್ನು ಹತ್ತಿಯೇ ಇದಕ್ಕೆ ಕೈಹಾಕಿದವರು. ಇದನ್ನು ಅವರಿಗೆ ಹೇಳಲಿಲ್ಲ. "ಇಲ್ಲ" ಅಂದೆ. ನಂಬಲಿಲ್ಲ. ಬಾಯಿಮಾತಿಗೆ ಯಾಕೆ ನಂಬಬೇಕು? ಪರದೆಯನ್ನು ಅವರತ್ತ ತಿರುಗಿಸಿ, ಟೋಪಿಯನ್ನು ಮೊದಲು ನಾನೇ ಹಾಕಿಕೊಂಡೆ. ಕಣ್ಣು ಮಿಟುಕಿಸಿದೆ, ದೊಡ್ಡ ಅಲೆ ಎದ್ದಿತು. ಹಲ್ಲು ಕಚ್ಚಿದೆ, ಪರದೆಯೆಲ್ಲ ಗೀಚಿದ ಹಾಗಾಯಿತು. "ಈಗ ನಾನು ಒಂದು ಅಂಕಿ ನೆನೆಸಿಕೊಂಡಿದೀನಿ. ಯಾವುದು ಹೇಳಿ ನೋಡೋಣ" ಅಂದೆ. ಅವರು ಬಹಳ ಹೊತ್ತು ಗೆರೆಗಳನ್ನೇ ನೋಡಿದರು.

"ಗೊತ್ತಾಗಲ್ಲ."

"ನನಗೂ ಗೊತ್ತಾಗಲ್ಲ."

"ಕಣ್ಣು ಹೊಡೆದ್ರೆ ಗೊತ್ತಾಗತ್ತೆ, ಒಳಗಿಂದು ಗೊತ್ತಾಗಲ್ಲ. ಅಷ್ಟೇ ತಾನೆ?"

ಅಷ್ಟೇ. ಅವತ್ತಿನಿಂದ ಪರದೆ ತೋರಿಸುವುದು ನಮ್ಮ ಕ್ರಮದಲ್ಲೇ ಸೇರಿತು. ಆರೋಗ್ಯವಂತರಿಗೂ ತೋರಿಸುತ್ತೇವೆ, ಅವರಿಗೂ ಅದೇ ಅನುಮಾನ ಇರುತ್ತದೆ, ಕೇಳಲು ನಾಚುತ್ತಾರೆ.

ರೆಕಾರ್ಡಿಂಗು ಮುಗಿದ ಮೇಲೆ ಹೊರಗೆ ಕಾದಿದ್ದ ಅವರ ತಾಯಿ ನನ್ನ ಕೈ ಹಿಡಿದುಕೊಂಡರು. "ಏನ್ ಬಂತಮ್ಮ ರಿಪೋರ್ಟಲ್ಲಿ?" ರಿಪೋರ್ಟು ಅಂತ ಇರುವುದಿಲ್ಲ ಎಂದು ಪತ್ರದಲ್ಲಿ ಬರೆದಿದ್ದೆವು, ಮೊದಲೂ ಹೇಳಿದ್ದೆ. ಆದರೆ ತಲೆಗೆ ಟೋಪಿ ಹಾಕಿ, ಮುಕ್ಕಾಲು ಗಂಟೆ ಒಳಗೆ ಕೂರಿಸಿ, ಯಂತ್ರಗಳನ್ನೆಲ್ಲ ನಡೆಸಿ, ಹೊರಗೆ ಬಂದು ಏನೂ ಇಲ್ಲ ಅಂದರೆ ಯಾವ ತಾಯಿ ನಂಬುತ್ತಾರೆ? ಈ ಅಳತೆಯಲ್ಲಿ ಎರಡು ಗುಂಪಿನ ನಡುವಿನ ಅಂತರ ನಮ್ಮ ಕ್ಷೇತ್ರದ ಮಟ್ಟಿಗೆ ದೊಡ್ಡದೇ. ಆದರೂ ಅದನ್ನು ಬಿಡಿಸಿ ಹೇಳಿದರೆ ಇಷ್ಟೇ: ಒಬ್ಬ ಆರೋಗ್ಯವಂತರನ್ನೂ ಕಾಯಿಲೆಯಿರುವ ಒಬ್ಬರನ್ನೂ ಸುಮ್ಮನೆ ಆರಿಸಿ ಹೋಲಿಸಿದರೆ, ಸುಮಾರು ನಾಲ್ಕರಲ್ಲಿ ಮೂರು ಸಲ ಆರೋಗ್ಯವಂತರ ತಗ್ಗು ದೊಡ್ಡದಿರುತ್ತದೆ. ನಾಲ್ಕನೆಯ ಸಲ ತಲೆಕೆಳಗು. ಇದನ್ನಿಟ್ಟುಕೊಂಡು ಯಾರಿಗೂ ನಿಮಗೆ ಕಾಯಿಲೆ ಇದೆ, ಇಲ್ಲ ಅಂತ ಹೇಳಲಾಗದು. ಆಕೆಗೆ ನಾನು ಇದನ್ನೆಲ್ಲ ವಿವರಿಸಲಿಲ್ಲ. "ನಿಮ್ಮ ಮಗನೊಬ್ಬರದ್ದು ನೋಡಿ ಏನೂ ಹೇಳೋಕಾಗಲ್ಲಮ್ಮ. ಬಹಳ ಜನರದ್ದು ಸೇರಿಸಿ ನೋಡಬೇಕು" ಅಂದೆ. "ಹಾಗಾದ್ರೆ ಬಹಳ ಜನ ಬರ್ಲಿ" ಅಂದು ಕೈ ಬಿಟ್ಟರು.

ಈ ದಾರಿಗೆ ಬರುವ ಎಳೆಯರು ಕೆಲವೊಮ್ಮೆ ನನ್ನನ್ನು ಕೇಳುವುದುಂಟು, ಕೋಡಿಂಗ್ ಮೊದಲು ಕಲಿಯಲೇ, ಜೆನೆಟಿಕ್ಸ್ ಕಲಿಯಲೇ ಅಂತ. ಯಾವುದಾದರೂ ಸರಿ. ಆದರೆ ಮೂರನೇ ವರ್ಷದ ತನಕ ಕಾಯದೆ ಮೂಲೆಯ ಕುರ್ಚಿಯಲ್ಲಿ ಕೂತು ಬನ್ನಿ ಅನ್ನುತ್ತೇನೆ. ನಾನು ತಡ ಮಾಡಿದೆ. ಪುಟದ ಕೆಳಗೆ ಬರುವಷ್ಟರಲ್ಲಿ ಮೇಲಿನದನ್ನು ಮರೆಯುತ್ತಿದ್ದ ಆ ಶಿಕ್ಷಕರ ಮಾತು ಮೊದಲೇ ಮನಸ್ಸಿಗೆ ಇಳಿದಿದ್ದರೆ, ಇಲಿಗಳ ಬೆಚ್ಚುವಿಕೆ ಅಳೆಯುತ್ತ ಎರಡು ವರ್ಷ ಕೂರುತ್ತಿರಲಿಲ್ಲವೇನೋ. ಕವಲುದಾರಿಯ ನೆನಪಿನ ಪರೀಕ್ಷೆಯಿಂದಲೇ ಶುರುಮಾಡುತ್ತಿದ್ದೆ.

ಒಂದು ವರ್ಷದ ನಂತರದ ಎರಡನೇ ರೆಕಾರ್ಡಿಂಗಿಗೆ ಆ ನಾಲ್ಕನೆಯವರು ಒಬ್ಬರೇ ಬಂದರು. "ಏನಾಯ್ತು ಮೇಡಂ ನಿಮ್ಮ ಬೀಪು?" ಅಂದರು. ಗುಂಪಿನ ಫಲಿತಾಂಶ ಆಗ ಸಿದ್ಧವಾಗಿತ್ತು, ಅದನ್ನು ತೋರಿಸಲು ಅಡ್ಡಿಯಿರಲಿಲ್ಲ. ಹಾಳೆಯ ಮೇಲೆ ಎರಡು ಬಣ್ಣದ ಚುಕ್ಕೆಗಳು, ಒಂದೊಂದು ಚುಕ್ಕೆ ಒಬ್ಬೊಬ್ಬರು. ಒಂದು ಬಣ್ಣ ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ, ನಡುವೆ ಎರಡೂ ಕಲಸಿಹೋಗಿದ್ದವು.

"ನಾನ್ಯಾವ್ದು?"

"ಹೆಸರು ತೆಗೆದುಬಿಟ್ಟಿರ್ತೀವಿ. ನನಗೂ ಗೊತ್ತಿಲ್ಲ."

ಅವರು ಹಾಳೆಯನ್ನು ಹತ್ತಿರ ಎಳೆದುಕೊಂಡು, ಕಲಸಿಹೋದ ಜಾಗದಲ್ಲಿದ್ದ ತಮ್ಮ ಬಣ್ಣದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು. "ಇದಿರಬಹುದು."

"ಇರಬಹುದು" ಅಂದೆ.

ಹಾಳೆ ಪಕ್ಕಕ್ಕಿಟ್ಟು ತಾವೇ ತಲೆ ಬಗ್ಗಿಸಿದರು. ಟೋಪಿ ಕೂರಿಸಿ ಅರವತ್ತನಾಲ್ಕು ಕಡೆ ಜೆಲ್ ತುಂಬಿ ಪರದೆ ಹಚ್ಚಿದೆ. ನಾನು ಹೇಳುವ ಮೊದಲೇ ಒಂದು ಸಲ ಕಣ್ಣು ಮಿಟುಕಿಸಿ, ಅಲೆ ಎದ್ದದ್ದನ್ನು ನೋಡಿಕೊಂಡು, "ಹ್ಞೂಂ, ಶುರು ಮಾಡಿ" ಅಂದರು.